ಸಮುದ್ರಕ್ಕೆ ರಜ

ನಮ್ಮವರ ಬಾಯಲ್ಲಿ 'ನಂಗೊತ್ತಿಲ್ಲ' ಎನ್ನುವ ಮಾತನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಹೆಸರು ಕೆಂಪರಾಜು, ಊರು ನಂದಿ, ಕೆಲಸ ಚಿಕ್ಕಬಳ್ಳಾಪುರದ ಒಂದು ಆಫೀಸಿನಲ್ಲಿ ಗುಮಾಸ್ತಿಕೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಇಂಥವರ ಮನೆ ಎಲ್ಲಿ ಎಂದರೆ ಸಾಕು, ಆ ಮನೆ ಚಿಂತಾಮಣಿಯಲ್ಲೇ ಇದ್ದರೂ ಇವರು ಇಲ್ಲೇ ನಿಂತು ಕೈ ತೋರಿಸಿ ಕಳಿಸಿಬಿಡುತ್ತಾರೆ. ಕೆಟ್ಟ ಮನುಷ್ಯರಲ್ಲ. ಗೊತ್ತಿಲ್ಲ ಅಂದರೆ ಕೇಳಿದವರಿಗೆ ಬೇಜಾರು, ನಮಗೆ ಅವಮಾನ ಎಂದು ಅವರ ವಾದ. ಇದಕ್ಕಾಗಿ ನಾನು ಅವರ ಜೊತೆ ಆಡಿದ ಜಗಳ ಅಷ್ಟಿಷ್ಟಲ್ಲ. ಆದರೂ ಚೆನ್ನೈಗೆ ಹೋಗುವ ಮಾತು ಬಂದಾಗ ಇಂಥ ಗಂಡನನ್ನು ನಂಬಿ ತವರಿನ ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡವಳು ನಾನೇ.

ನನ್ನ ತವರು ಮೇಲೂರು. ಅಪ್ಪ ವೆಂಕಟರಾಯಪ್ಪ, ಅಮ್ಮ ಗಂಗುಲಮ್ಮ, ಇಬ್ಬರೂ ರೇಷ್ಮೆ ಹುಳ ಸಾಕುತ್ತಾರೆ. ಹುಳ ಸಾಕುವವರಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಹುಳ ಸೊಪ್ಪು ತಿನ್ನುವಾಗ ಮಳೆ ಸುರಿದಂತೆ ಸದ್ದು ಬರುತ್ತದೆ, ಆ ಸದ್ದು ಇರುವ ತನಕ ಮನೆಯವರು ಹೊಸಿಲು ದಾಟುವ ಹಾಗಿಲ್ಲ. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ, ಹುಳದ ಮನೆ ತೊಳೆದು, ಮುಂದಿನ ಚಾಕಿ ಹುಳ, ಅಂದರೆ ಮರಿ ಹುಳ, ಬರುವ ತನಕ ಒಂದಿಷ್ಟು ದಿನ ಉಸಿರಾಡಲು ಸಿಗುತ್ತದೆ. ಅಮ್ಮನ ಪಾಲಿಗೆ ರಜ ಅಂದರೆ ಅದೇ. ಆ ರಜದಲ್ಲೂ ಅವಳು ಕೈವಾರಕ್ಕೆ ಹೋಗಿ ಬಂದಿದ್ದೇ ದೂರದ ಪ್ರಯಾಣ.

ಇಂಥವಳಿಗೆ ಸಮುದ್ರದ ಆಸೆ ಹುಟ್ಟಿದ್ದಕ್ಕೆ ನಮ್ಮೂರ ಕೆರೆ ಕಾರಣ. ನಮ್ಮ ಸೀಮೆಯಲ್ಲಿ ಹಿಂದಿನವರಿಗೆ ಕೆರೆಗೆ ಸಮುದ್ರ ಅಂತ ಹೆಸರಿಡುವ ಚಟ. ನಮ್ಮದು ತಿಮ್ಮಸಮುದ್ರ. ಹೆಸರು ಕೇಳಿದರೆ ಹಡಗು ಬರಬೇಕು, ಆದರೆ ನಾನು ಚಿಕ್ಕವಳಿದ್ದಾಗ ಅದರ ನಟ್ಟನಡುವೆ ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಕೆಲವು ವರ್ಷದ ಹಿಂದೆ ಮಳೆ ಎಂಥದ್ದು ಹಿಡಿಯಿತೆಂದರೆ ಆ ಸಮುದ್ರವೂ ತುಂಬಿ ಕೋಡಿ ಹರಿಯಿತು. ಊರ ಹೆಂಗಸರೆಲ್ಲ ತಂಬಿಟ್ಟಿನ ದೀಪ ಹೊತ್ತು ಹೋಗಿ ಗಂಗಮ್ಮನಿಗೆ ಬಾಗಿನ ಕೊಟ್ಟರು. ಕೋಡಿಯ ಹತ್ತಿರ ನಿಂತು ಅಮ್ಮ ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ನಾನು ಶಾಲೆಯಲ್ಲಿ ಪಾಠ ಮಾಡುವವಳಲ್ಲವೇ, ಹಳ್ಳ ಸೇರಿ, ಹೊಳೆ ಸೇರಿ, ಕೊನೆಗೆ ಮದ್ರಾಸಿನ ಕಡೆ ಸಮುದ್ರಕ್ಕೆ ಎಂದೆ. ಅಮ್ಮ ಹರಿಯುವ ನೀರಿಗೆ ಕೈ ಮುಗಿದು, ಹಾಗಾದರೆ ಒಂದು ಸಲ ಆ ದೊಡ್ಡಮ್ಮನಿಗೂ ಬಾಗಿನ ಕೊಟ್ಟು ಬರಬೇಕು ಎಂದಳು. ಆಮೇಲೆ ಪ್ರತಿ ಬೆಳೆ ಮುಗಿದಾಗಲೂ ಆ ಮಾತು ಒಂದು ಸಲ ಬರುತ್ತಿತ್ತು, ಅಡುಗೆ ಮಾಡುತ್ತಲೋ ತಲೆ ಬಾಚುತ್ತಲೋ ಹೇಳಿ ತಾನೇ ಮುಂದಕ್ಕೆ ಹಾಕುತ್ತಿದ್ದಳು.

ನಮ್ಮವರ ಕಿವಿಗೆ ಅದು ಬಿದ್ದದ್ದೇ ತಡ, ಅಷ್ಟೇನಾ ಅಂದುಬಿಟ್ಟರು. ಅವರು ಒಮ್ಮೆ ಸ್ನೇಹಿತನ ಮದುವೆಗೆಂದು ಚೆನ್ನೈಗೆ ಹೋಗಿದ್ದರು. ಅಲ್ಲಿ ಓಡಾಡುವ ಲೋಕಲ್ ಟ್ರೈನುಗಳ ಹಣೆಯ ಮೇಲೆ 'ಬೀಚ್' ಅಂತ ಬರೆದದ್ದನ್ನು ಕಣ್ಣಾರೆ ನೋಡಿ ಬಂದಿದ್ದರು.

"ಅಲ್ಲಿ ಸಮುದ್ರಕ್ಕೇ ಟ್ರೈನ್ ಬಿಟ್ಟವ್ರೆ ಅತ್ತೆ. ನೀವು ಇಳಿಯೋದೇ ಮರಳಿಗೆ," ಎಂದು ಅಮ್ಮನಿಗೆ ಹೇಳಿದರು.

ಅವರು ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಂದಿ ಹಾಲ್ಟಿನಲ್ಲಿ ಇಳಿದರೆ ಎದುರಿಗೆ ಬೆಟ್ಟ ನಿಂತಿರುತ್ತದೆ. ಬೋರ್ಡಿನಲ್ಲಿ ಏನಿದೆಯೋ ಅದು ಅಲ್ಲಿರುತ್ತದೆ ಎಂದು ತಿಳಿದೇ ಬೆಳೆದ ಮನುಷ್ಯ. ಆದರೆ ಸಮುದ್ರದಲ್ಲಿ ಕ್ರಿಕೆಟ್ ನೋಡಿ ಬೆಳೆದ ನನಗಾದರೂ ಹೆಸರನ್ನು ನಂಬಬಾರದು ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬದಲಿಗೆ ಬೀದಿಯಲ್ಲಿ ಕಂಡವರಿಗೆಲ್ಲ ನಮ್ಮೆಜಮಾನರಿಗೆ ಮದ್ರಾಸು ಅಂಗೈ ನೆಲ್ಲಿಕಾಯಿ ಎಂದು ಸಾರಿದೆ. ಎದುರು ಮನೆಯ ಕದಿರಮ್ಮ ಅಮ್ಮನ ಕೈ ಹಿಡಿದುಕೊಂಡು ಒಂದೇ ಒಂದು ಕೇಳಿಕೊಂಡಳು. ಸಮುದ್ರದ ನೀರು ಉಪ್ಪು ಅನ್ನುತ್ತಾರಲ್ಲ, ನಿಜವೋ ಸುಳ್ಳೋ, ಬಾಯಲ್ಲಿ ಹಾಕಿ ನೋಡಿಕೊಂಡು ಬಾ, ಬೇರೆಯವರು ಹೇಳಿದರೆ ನಂಬುವುದಿಲ್ಲ, ನೀನು ಹೇಳಿದರೆ ನಂಬುತ್ತೇನೆ ಎಂದಳು. ಅಮ್ಮ ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಮಾರ್ಕೆಟ್ಟಿನಲ್ಲಿ ಗೂಡಿನ ಬುಟ್ಟಿಯ ತಳದಲ್ಲಿ ಡಾಗಿ, ಅಂದರೆ ಕಲೆ ಬಿದ್ದ ಗೂಡು, ಇದ್ದರೆ ಅವಳೇ ಕೈ ಹಾಕಿ ಮೇಲೆ ತೆಗೆದು ತೋರಿಸಿ ಅಪ್ಪನ ಕೈಲಿ ಬೈಸಿಕೊಳ್ಳುತ್ತಾಳೆ.

ಹುಳ ಗೂಡಾಗಿ ಮಾರ್ಕೆಟ್ಟಿಗೆ ಹೋದ ವಾರವೇ ಹೊರಟೆವು. ಮನೆ ತೊಳೆದು ಸುಣ್ಣ ಬಳಿಯಲು ಅಪ್ಪ ಉಳಿದ. ಅಮ್ಮ ಒಂದು ಜೊತೆ ಮರಕ್ಕೆ ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ತೆಂಗಿನಕಾಯಿ, ರವಿಕೆ ಕಣ, ಒಂದು ದೀಪ ಎಲ್ಲ ಇಟ್ಟು, ಮೇಲೊಂದು ಮರ ಮುಚ್ಚಿ, ಹಳೇ ಸೀರೆಯಲ್ಲಿ ಗಂಟು ಕಟ್ಟಿದ್ದಳು. ಬೆಂಗಳೂರಿನಿಂದ ಚೆನ್ನೈವರೆಗೆ ಆ ಗಂಟನ್ನು ಸೀಟಿನ ಕೆಳಗಿಡಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಮೊದಲ ದಿನ ದೇವಸ್ಥಾನ ನೋಡಿದೆವು, ಸೀರೆ ಅಂಗಡಿ ನೋಡಿದೆವು. ಅಮ್ಮ ಒಂದು ಸೀರೆಯ ಸೆರಗು ಸವರಿ, ಇದು ನಮ್ಮನೆ ಹುಳದ್ದಿದ್ದರೂ ಇರಬಹುದು ಎಂದು ನಕ್ಕಳು. ಸಮುದ್ರ ಯಾವಾಗ ಎಂದು ನಾನು ಕೇಳಿದ್ದಕ್ಕೆ ಇವರು ಊಟದಲ್ಲಿ ಪಾಯಸ ಕೊನೆಗೆ ಎಂದರು. ಮಾರನೆಯ ದಿನ ಮಧ್ಯಾಹ್ನದ ಮೇಲೆ ನಮ್ಮ ವಾಪಸ್ ಟ್ರೈನು. ಬೆಳಿಗ್ಗೆ ಬೀಚಿಗೆ ಹೋಗಿ, ಬಾಗಿನ ಬಿಟ್ಟು, ಆರಾಮಾಗಿ ಬಂದು ಟ್ರೈನು ಹತ್ತುವುದೆಂದು ಅವರ ಪ್ಲಾನು.

ಸೆಂಟ್ರಲ್ ಸ್ಟೇಷನ್ನಿನ ಎದುರಿಗೇ ಇರುವ ಲೋಕಲ್ ಸ್ಟೇಷನ್ನಿನಲ್ಲಿ ಮೂರು ಬೀಚ್ ಎಂದು ಗತ್ತಿನಿಂದ ಟಿಕೆಟ್ ತೆಗೆದರು. ಟ್ರೈನಿನಲ್ಲಿ ಅಮ್ಮ ಕಿಟಕಿಗೆ ಮುಖ ಒತ್ತಿ ಕೂತಳು, ಮುಡಿಯಲ್ಲಿ ಹೂವಿತ್ತು, ಹೊಸ ಸೀರೆ ಉಟ್ಟಿದ್ದಳು. ಬಂತಾ, ಬಂತಾ ಎಂದು ಎರಡು ಸಲ ಕೇಳುವಷ್ಟರಲ್ಲಿ ಬಂದೇಬಿಟ್ಟಿತು. ಬೋರ್ಡಿನಲ್ಲಿ ದೊಡ್ಡದಾಗಿ ಬೀಚ್ ಎಂದಿತ್ತು. ಅಮ್ಮ ಚಪ್ಪಲಿ ಕಳಚಿ ಕೈಲಿ ಹಿಡಿದುಕೊಂಡು ಇಳಿದಳು, ಇಳಿಯುವುದೇ ಮರಳಿಗೆ ಎಂದು ಅಳಿಯ ಹೇಳಿದ್ದರಲ್ಲ.

ಇಳಿದದ್ದು ಸಿಮೆಂಟಿಗೆ. ಹೊರಗೆ ಬಂದರೆ ಅಗಲವಾದ ರಸ್ತೆ, ಆಕಡೆಗೊಂದು ಈಕಡೆಗೊಂದು ಓಡುವ ಲಾರಿಗಳು. ರಸ್ತೆಯಾಚೆ ಉದ್ದಕ್ಕೂ ಒಂದು ಗೋಡೆ, ಗೋಡೆಯ ತಲೆಗೆ ಮುಳ್ಳುತಂತಿ, ಅದರ ಹಿಂದೆ ಕತ್ತು ಚಾಚಿದ ದೊಡ್ಡ ದೊಡ್ಡ ಕ್ರೇನು. ಸಮುದ್ರ ಇರಲಿ, ಒಂದು ಹಿಡಿ ಮರಳೂ ಇರಲಿಲ್ಲ. ನಾನು ಇವರ ಮುಖ ನೋಡಿದೆ. ಒಂದು ಗಳಿಗೆ ಅವರ ಮುಖ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ತಿರುಗಿಸಿ ನೋಡಿದ ಹುಡುಗನ ಹಾಗೆ ಆಯಿತು. ಮರುಗಳಿಗೆಗೇ ಸರಿಮಾಡಿಕೊಂಡು, ಸಮುದ್ರ ಗೋಡೆಯ ಹಿಂದಿದೆ, ಗೇಟು ಸ್ವಲ್ಪ ಮುಂದೆ ಎಂದು ನಡೆಯತೊಡಗಿದರು.

ಸ್ಟೇಷನ್ನಿನ ಬಾಗಿಲಲ್ಲಿ ಹೂ ಮಾರುವವಳೊಬ್ಬಳು ಇನ್ನೊಬ್ಬಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಅಮ್ಮನ ಕಿವಿ ನೆಟ್ಟಗಾಯಿತು. ನಮ್ಮ ಕಡೆಯವರಿಗೆ ತೆಲುಗು ಕೇಳಿಸಿದರೆ ನೆಂಟರ ಮನೆ ಸಿಕ್ಕಿದ ಹಾಗೆ. ಅವಳು ಕೇಳಲೆಂದು ಹೆಜ್ಜೆ ಹಾಕಿದಳು.

"ಬೇಡ ಅತ್ತೆ, ಇದು ಮೇಲೂರಲ್ಲ," ಎಂದು ಇವರು ತಡೆದರು. "ಸಿಕ್ಕಸಿಕ್ಕೋರ್ನ ಕೇಳ್ತಾ ಹೋದ್ರೆ ಹಳ್ಳಿಯೋರು ಅಂತ ನಗ್ತಾರೆ."

ನಾನೂ ಸುಮ್ನಿರಮ್ಮ ಎಂದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅಮ್ಮ ಬಾಗಿನದ ಗಂಟನ್ನು ಸೊಂಟಕ್ಕೆ ಏರಿಸಿಕೊಂಡು ಅಳಿಯನ ಹಿಂದೆ ನಡೆದಳು.

ಆ ಗೋಡೆ ಮುಗಿಯುವ ಗೋಡೆಯಲ್ಲ. ಬಿಸಿಲೇರಿತು. ಲಾರಿಯ ಧೂಳು ಅಮ್ಮನ ಹೊಸ ಸೀರೆಯ ಮೇಲೆಲ್ಲ ಕೂತಿತು. ಇವರು ಮುಂದೆ ಮುಂದೆ, ಹಿಂದೆ ತಿರುಗದೆ, ನಾನು ಮಧ್ಯೆ, ಅಮ್ಮ ಕೊನೆಯಲ್ಲಿ. ಕೇಳಿ ಯಾರನ್ನಾದರೂ ಎಂದು ನಾನು ಹಲ್ಲು ಕಚ್ಚಿ ಹೇಳಿದಾಗಲೆಲ್ಲ ನಂಗೊತ್ತು ಬಾ ಎನ್ನುತ್ತಿದ್ದರು. ಕೊನೆಗೊಂದು ಗೇಟು ಬಂತು. ಅಲ್ಲಿ ಬಂದೂಕು ಹಿಡಿದ ಕಾವಲಿನವನಿದ್ದ. ನಮ್ಮನ್ನು ನೆರಳಿನಲ್ಲಿ ನಿಲ್ಲಿಸಿ ಇವರೊಬ್ಬರೇ ಹೋದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಏನೋ ಹೇಳಿದರು, ಅವನು ಸೊಳ್ಳೆ ಓಡಿಸುವ ಹಾಗೆ ಕೈ ಬೀಸಿದ. ಇವರು ನಿಧಾನವಾಗಿ ನಡೆದು ಬಂದರು. ಆ ನಾಲ್ಕು ಹೆಜ್ಜೆಯಲ್ಲಿ ಏನಾದರೊಂದು ಹೇಳಲೇಬೇಕೆಂದು ಅವರ ತಲೆ ಓಡುತ್ತಿತ್ತು ಎಂದು ನನಗೆ ಗೊತ್ತಾಯಿತು, ಹೆಂಡತಿಯಲ್ಲವೇ.

"ಇವತ್ತು ರಜ ಅಂತೆ ಅತ್ತೆ," ಎಂದರು.

ಅಮ್ಮ ಗೇಟನ್ನು ನೋಡಿದಳು, ಕ್ರೇನನ್ನು ನೋಡಿದಳು, ಅಳಿಯನನ್ನು ನೋಡಿದಳು. "ಸಮುದ್ರಕ್ಕೂ ರಜ ಇರ್ತದಾ ರಾಜಪ್ಪಾ?" ಎಂದು ಕೇಳಿದಳು. ಕುಹಕವಿರಲಿಲ್ಲ ಆ ಮಾತಿನಲ್ಲಿ. ತನಗೆ ಸಿಕ್ಕದ ರಜ ಸಮುದ್ರಕ್ಕಾದರೂ ಸಿಕ್ಕಿತಲ್ಲ ಎಂಬ ಹಾಗೆ ಕೇಳಿದಳು. ಇವರು ಹೂಂ ಎಂದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮತ್ತೆ ಸ್ಟೇಷನ್ನಿಗೆ ನಡೆದು ಬಂದೆವು. ಅತ್ತೆಗೆ ಬಾಯಾರಿರಬೇಕು ಎಂದು ಇವರು ಎಳನೀರು ತರಲು ಹೋದರು. ಅವರು ಮರೆಯಾದದ್ದೇ ಅಮ್ಮ ಆ ಹೂವಿನವಳ ಹತ್ತಿರ ಹೋಗಿ ಒಂದು ಮೊಳ ಮಲ್ಲಿಗೆ ಕೊಂಡಳು. ಕೊಳ್ಳುತ್ತಾ, "ಸಮುದ್ರಾನಿಕಿ ಎಟ್ಲ ಪೋವಾಲಮ್ಮಾ?" ಎಂದು ಕೇಳಿಯೇಬಿಟ್ಟಳು, ಸಮುದ್ರಕ್ಕೆ ಹೇಗೆ ಹೋಗಬೇಕು ಎಂದು.

ಹೂವಿನವಳು ಅಮ್ಮನನ್ನೂ ಬಾಗಿನದ ಗಂಟನ್ನೂ ನೋಡಿ ನಗತೊಡಗಿದಳು. ಬೀಚ್ ಎನ್ನುವುದು ಸ್ಟೇಷನ್ನಿನ ಹೆಸರು ಮಾತ್ರ, ಇಲ್ಲಿರುವುದು ಹಡಗಿನ ಬಂದರು, ಜನ ಹೋಗುವ ಸಮುದ್ರ ಬೇರೆ ಕಡೆ ಇದೆ, ಇದೇ ಸ್ಟೇಷನ್ನಿನಲ್ಲಿ ಇನ್ನೊಂದು ಟ್ರೈನು ಹತ್ತಿದ್ದರೆ ಇಷ್ಟೊತ್ತಿಗೆ ಕಾಲು ನೆನೆಸಿಕೊಂಡು ಬಂದಿರುತ್ತಿದ್ದಿರಿ ಎಂದಳು. ಆಮೇಲೆ ಪಕ್ಕದ ಕಡಲೆಕಾಯಿಯವನನ್ನು ಕರೆದು, ಬೀಚ್ ಸ್ಟೇಷನ್ನಿಗೆ ಬೀಚ್ ನೋಡಲು ಬಂದವರು ಇವರು ಎಂದು ತಮಿಳಿನಲ್ಲಿ ಹೇಳಿದಳು. ಅವನೂ ನಕ್ಕ. ಯಾರು ನಗುತ್ತಾರೆ ಎಂದು ಹೆದರಿ ಕೇಳದೆ ಹೋದೆವೋ ಅವರೇ ನಕ್ಕರು, ಅದೂ ಕೇಳುವ ಹೊತ್ತು ಮೀರಿದ ಮೇಲೆ.

ಓಡಿ ಹೋಗಿ ಓಡಿ ಬರೋಣ ಎಂದು ನಾನು ಅಮ್ಮನ ಕೈ ಹಿಡಿದೆ. ಅವಳು ಗಡಿಯಾರ ನೋಡಿ ತಲೆಯಾಡಿಸಿದಳು. ಟ್ರೈನು ತಪ್ಪಿದರೆ ಇನ್ನೊಂದು ದಿನ ಇಲ್ಲೇ ಆಗುತ್ತದೆ, ನಾಳೆ ಚಾಕಿ ಹುಳ ಬರುತ್ತದೆ, ಅಪ್ಪ ಒಬ್ಬನೇ ಎಂದಳು. ನಂತರ ದನಿ ತಗ್ಗಿಸಿದಳು.

"ನಮ್ಗೆ ಗೊತ್ತಾಯ್ತು ಅಂತ ಅವ್ರಿಗೆ ಹೇಳ್ಬೇಡ ಕಣಮ್ಮ. ಮನಸಿಗೆ ಹಚ್ಕೊಂಡ್ಬಿಡ್ತಾರೆ."

ಇವರು ಎಳನೀರು ಹಿಡಿದುಕೊಂಡು ಬಿಸಿಲಲ್ಲಿ ಓಡುತ್ತಾ ಬಂದರು, ಒಂದನ್ನೇ ತಂದಿದ್ದರು, ಅತ್ತೆಗೆ. ಅಮ್ಮ ಕುಡಿದು, ತಣ್ಣಗಿದೆ ಎಂದಳು.

ನಾನು ಅಮ್ಮನ ಮಾತು ಉಳಿಸಿಕೊಳ್ಳಲಿಲ್ಲ. ನನ್ನ ನಾಲಗೆಗೆ ಎಲುಬಿಲ್ಲ, ತಾಳ್ಮೆಯೂ ಇಲ್ಲ. ವಾಪಸ್ ಟ್ರೈನಿನಲ್ಲಿ ಎದುರು ಸೀಟಿನವರೊಬ್ಬರು ಬೀಚಿಗೆ ಹೋಗಿದ್ದಿರಾ ಎಂದು ಕೇಳಿದರು. ಇವರು ಬಾಯಿ ತೆರೆಯುವ ಮೊದಲೇ ನನಗೆ ತಡೆಯಲಾಗಲಿಲ್ಲ. ಗೋಡೆ ನೋಡಿಕೊಂಡು ಬಂದದ್ದು, ರಜದ ಸುಳ್ಳು, ಹೂವಿನವಳ ನಗು, ಎಲ್ಲವನ್ನೂ ಬೋಗಿಗೆಲ್ಲ ಕೇಳುವ ಹಾಗೆ ಹೇಳಿದೆ. ಗೊತ್ತಿಲ್ಲ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಎದುರಿಗಿದ್ದವರು ಮೊಬೈಲಿಗೆ ತಲೆ ತಗ್ಗಿಸಿದರು. ಇವರು ಕಿಟಕಿಯ ಕಡೆ ತಿರುಗಿ, "ಬೋರ್ಡಲ್ಲಿ ಬೀಚ್ ಅಂತಾನೇ ಇತ್ತಲ್ಲ ವಿದ್ಯಾ," ಎಂದರು, ಅಷ್ಟೇ. ಆ ದನಿ ಕೇಳಿ ನನಗೆ ಪಾಪ ಅನ್ನಿಸಲಿಲ್ಲ, ಇನ್ನೂ ಸಿಟ್ಟೇ ಬಂತು.

ಅಮ್ಮ ಮಾತ್ರ ನಕ್ಕಳು. ನಮ್ಮೂರ ಕೆರೆಯ ಬಸ್ ಸ್ಟಾಪಿನಲ್ಲೂ ತಿಮ್ಮಸಮುದ್ರ ಅಂತ ಬೋರ್ಡಿಲ್ಲವೇ, ಅದನ್ನು ನೋಡಿಕೊಂಡು ಯಾರಾದರೂ ಮದ್ರಾಸಿನವರು ಈಜಲು ಬಂದರೆ ಏನು ಗತಿ ಎಂದಳು. ಆಮೇಲೆ ತೊಡೆಯ ಮೇಲಿನ ಗಂಟನ್ನು ಮೆಲ್ಲಗೆ ಸವರಿದಳು. ಕೊಡಲೆಂದು ಹೊರಟ ಬಾಗಿನವನ್ನು ಮನೆಗೆ ವಾಪಸ್ ತರಬಾರದು. ಅದು ಅವಳ ತಲೆಯಲ್ಲಿ ಓಡುತ್ತಿತ್ತು, ನನ್ನ ತಲೆಯಲ್ಲೂ.

ರಾತ್ರಿ ನಮ್ಮ ಮನೆಯಲ್ಲಿ ಮಲಗಿ ಬೆಳಿಗ್ಗೆ ಬಸ್ಸಿಗೆ ಮೇಲೂರಿಗೆ ಹೊರಟೆವು. ನಾನು ಇವರ ಜೊತೆ ಮಾತು ಬಿಟ್ಟಿದ್ದೆ. ಊರು ಬರುವುದಕ್ಕೆ ಒಂದು ಸ್ಟಾಪು ಮೊದಲೇ, ಕೆರೆ ಏರಿಯ ಹತ್ತಿರ, ಅಮ್ಮ ಎದ್ದು ನಿಂತು ಬಸ್ಸು ನಿಲ್ಲಿಸಿದಳು. ತಿಮ್ಮಸಮುದ್ರದಲ್ಲಿ ಅರ್ಧ ನೀರಿತ್ತು. ದಡದಲ್ಲಿ ಎಮ್ಮೆಗಳು, ಕೆಸರು, ಜೊಂಡು. ಅಮ್ಮ ಕೂತು ಗಂಟು ಬಿಚ್ಚಿ ದೀಪ ಹಚ್ಚಿದಳು. ಇವರು ಯಾರೂ ಹೇಳದೆ ಪ್ಯಾಂಟು ಮಡಚಿ, ಕೆಸರಿಗಿಳಿದು, ಅತ್ತೆಯ ಕೈ ಹಿಡಿದು ನೀರಿಗೆ ಕರೆದುಕೊಂಡು ಹೋದರು. ಗಾಳಿಗೆ ದೀಪ ಆರಿ ಆರಿ ಹೋಗುತ್ತಿತ್ತು, ಎರಡು ಕೈಯಲ್ಲೂ ಮರೆ ಹಿಡಿದರು. ಅಮ್ಮ ಬಾಗಿನ ಬಿಟ್ಟು, ಬೊಗಸೆಯಲ್ಲಿ ನೀರೆತ್ತಿ ಮೊದಲು ಅಳಿಯನ ತಲೆಗೆ ಚಿಮುಕಿಸಿ ಆಮೇಲೆ ತನ್ನ ತಲೆಗೆ ಹಾಕಿಕೊಂಡಳು. ಇವರು ತಲೆ ತಗ್ಗಿಸಿಯೇ ನಿಂತಿದ್ದರು. ನಾನು ಏರಿಯ ಮೇಲೆ ಚಪ್ಪಲಿ ಕಾಯುತ್ತಾ ನಿಂತಿದ್ದೆ.

ಮನೆಗೆ ಹೋಗಿ ಕೂತಿದ್ದೇ ತಡ, ಕದಿರಮ್ಮ ಬಂದಳು. ಅಪ್ಪ ಸುಣ್ಣದ ಕೈ ತೊಳೆದು ಒಳಗೆ ಬಂದ. ಕಾಫಿ ಕೊಡುತ್ತಾ ಅಮ್ಮ ಕದಿರಮ್ಮನಿಗೆ ಉತ್ತರ ಹೇಳುತ್ತಿದ್ದಳು.

"ಸಮುದ್ರಕ್ಕೆ ಬಾಗಿನ ಬಿಟ್ಟು ಬಂದೆ ಕಣೇ. ನಮ್ಮ ಅಳಿಯಂದ್ರೇ ಕೈ ಹಿಡ್ದು ನೀರಿಗಿಳಿಸಿದ್ರು."

ಒಂದು ಅಕ್ಷರವೂ ಸುಳ್ಳಲ್ಲ. ದೀಪಕ್ಕೆ ಅವರೇ ಮರೆ ಹಿಡಿದರು ಎಂದಳು, ಅದೂ ನಿಜ. ಚೆನ್ನೈನಲ್ಲಿ ಜನ ಜಾಸ್ತಿ, ಬಿಸಿಲು ಜಾಸ್ತಿ, ಎಳನೀರು ಚೆನ್ನಾಗಿತ್ತು ಎಂದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮಾತು ಆರಿಸಿ ಆರಿಸಿ ಅಳಿಯನ ಮರ್ಯಾದೆ ಕಾಯುತ್ತಿದ್ದಳು. ಇವರು ಗೋಡೆಗೊರಗಿ ಕೂತು ಲೋಟವನ್ನೇ ನೋಡುತ್ತಿದ್ದರು.

"ಅದಿರ್ಲಿ, ನೀರು ಉಪ್ಪಾ?" ಎಂದಳು ಕದಿರಮ್ಮ.

ಅಮ್ಮನ ಕೈ ನಿಂತಿತು. ಆ ಪ್ರಶ್ನೆಗೆ ಅವಳ ಹತ್ತಿರ ಆರಿಸಿಟ್ಟ ಮಾತಿರಲಿಲ್ಲ. ಒಂದು ಕಡೆ ಹುಟ್ಟಿದಾಗಿನಿಂದ ಕಾಪಾಡಿಕೊಂಡ ಬಾಯಿ, ಇನ್ನೊಂದು ಕಡೆ ಮಗಳ ಗಂಡ. ಬೀದಿಯಲ್ಲೆಲ್ಲ ನಾನು ಸಾರಿದ ಜಂಬ ನನ್ನ ಕಣ್ಣಮುಂದೆ ಬಂತು. ಈಗ ನಿಜ ಹೊರಬಿದ್ದರೆ ನಾಳೆಯಿಂದ ಈ ಬೀದಿಯಲ್ಲಿ ಹೇಗೆ ತಿರುಗಾಡಲಿ ಅನ್ನಿಸಿತು. ನಾನು ಬಾಯಿ ಹಾಕಿದ್ದು ಅಮ್ಮನಿಗಾಗಿ ಅಂತ ಆಗ ಅಂದುಕೊಂಡೆ. ಅಲ್ಲ, ನನಗಾಗಿಯೇ.

"ಉಪ್ಪೋ ಉಪ್ಪು ಕದಿರಕ್ಕ, ಬಾಯಲ್ಲಿ ಇಡಕ್ಕಾಗಲ್ಲ," ಎಂದೆ. ನೀರು ಕುಡಿದಷ್ಟು ಸಲೀಸಾಗಿ ಬಂತು. ಅಲೆ ಎಂದರೆ ಆಳೆತ್ತರ, ಸೀರೆಯೆಲ್ಲ ನೆನೆದು ಹೋಯಿತು ಎಂದೂ ಸೇರಿಸಿದೆ.

ಅಮ್ಮ ನನ್ನ ಮುಖ ನೋಡಲಿಲ್ಲ. ಕದಿರಮ್ಮ ನಂಬಿದಳೋ ಇಲ್ಲವೋ, ಇವರ ಕಡೆ ತಿರುಗಿ, ಹೌದಾ ಅಳಿಯಂದ್ರೇ, ಅಷ್ಟೊಂದು ಉಪ್ಪಾ ಎಂದು ಕೇಳಿದಳು.

ಇವರು ಲೋಟ ಕೆಳಗಿಟ್ಟರು. ಕಾಲಿನ ಬೆರಳ ಸಂದಿಯಲ್ಲಿ ಕೆರೆಯ ಕೆಸರು ಇನ್ನೂ ಒಣಗಿರಲಿಲ್ಲ.

"ನಂಗೊತ್ತಿಲ್ಲ ಕಣಕ್ಕ," ಎಂದರು. "ನಾವು ಆ ಸಮುದ್ರ ನೋಡ್ಲೇ ಇಲ್ಲ. ನಂಗೆ ದಾರಿ ಗೊತ್ತಿರ್ಲಿಲ್ಲ, ಯಾರ್ನೂ ಕೇಳ್ಲೂ ಇಲ್ಲ. ಅತ್ತೆ ಬಾಗಿನ ಬಿಟ್ಟಿದ್ದು ನಮ್ಮ ತಿಮ್ಮಸಮುದ್ರಕ್ಕೆ."

ಯಾವ ಮಾತನ್ನು ಕೇಳಬೇಕೆಂದು ಇಷ್ಟು ವರ್ಷ ಜಗಳವಾಡಿದ್ದೆನೋ ಆ ಮಾತು ಬಂದಿತ್ತು. ಕದಿರಮ್ಮ ಇವರನ್ನು ನೋಡಿ, ಅಮ್ಮನನ್ನು ನೋಡಿ, ಕೊನೆಗೆ ನನ್ನನ್ನು ನೋಡಿದಳು. ಅವಳ ಕಣ್ಣು ನನ್ನ ಮೇಲೆಯೇ ನಿಂತಿತು. ಆ ಮನೆಯಲ್ಲಿ ಆಗ ಸುಳ್ಳು ಹೇಳಿ ಕೂತಿದ್ದವಳು ನಾನೊಬ್ಬಳೇ. ಅಮ್ಮ ಅಳಿಯನ ಮುಂದೆ ಲೋಟ ಸರಿಸಿ, ಆರಿಹೋಗುತ್ತದೆ ಕುಡೀರಿ ಎಂದಳು.